ಎರಡೂ ಲೆಕ್ಕ ಸರಿ, ಮೇಷ್ಟ್ರೇ

ರಾಣೆಬೆನ್ನೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದಾರೆ: 'ದೇಶದಲ್ಲಿ ದುಡಿಯುವ ಮಕ್ಕಳು ಒಂದು ಕೋಟಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಬೇರೆ ಕಡೆ ಓದಿದ್ದು 43 ಲಕ್ಷ. ಯಾವುದು ನಿಜ? ಬಡತನ ಹೋದರೆ ಇದೂ ಹೋಗುತ್ತದಲ್ಲವೇ? ಹತ್ತಿ ಕ್ರಾಸಿಂಗ್ (ಹೈಬ್ರಿಡ್ ಬೀಜಕ್ಕಾಗಿ ಹೂವಿಗೆ ಕೈಯಿಂದಲೇ ಪರಾಗ ಹಚ್ಚುವ ಕೆಲಸ) ಶುರುವಾದರೆ ನನ್ನ ತರಗತಿಯ ಅರ್ಧ ಹುಡುಗಿಯರು ಬರುತ್ತಲೇ ಇರಲಿಲ್ಲ.'

ಮೇಷ್ಟ್ರೇ, ಎರಡೂ 2011ರ ಜನಗಣತಿಯದೇ ಅಂಕಿ. 5ರಿಂದ 14 ವರ್ಷದೊಳಗೆ, ವರ್ಷದಲ್ಲಿ ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ದುಡಿದವರು ಸುಮಾರು 43.5 ಲಕ್ಷ. ಕಡಿಮೆ ದಿನ ದುಡಿದವರನ್ನೂ ಸೇರಿಸಿದರೆ ಒಂದು ಕೋಟಿ ದಾಟುತ್ತದೆ. ನಾವು ಇದನ್ನು ಬಿಡಿಸಿ ಹೇಳಬೇಕಿತ್ತು. ತಪ್ಪು ನಮ್ಮದು.

ಆದರೆ ಆ ಆರು ತಿಂಗಳ ಗೆರೆ ನೋಡಿ. ಕ್ರಾಸಿಂಗ್ ನಡೆಯುವುದೇ ಎರಡು ಮೂರು ತಿಂಗಳು. ಇವತ್ತು ಮೊಗ್ಗು ಬಿಡಿಸಿ ಗಂಡು ಭಾಗ ಕೀಳಬೇಕು, ನಾಳೆ ಬೆಳಿಗ್ಗೆ ಇನ್ನೊಂದು ತಳಿಯ ಹೂ ತಂದು ಪರಾಗ ಒರೆಸಬೇಕು. ಒಂದೊಂದು ಹೂವಿಗೂ ಹೀಗೇ. ಪುಟ್ಟ ಬೆರಳಿಗೆ ಇದು ಸಲೀಸು ಅನ್ನುತ್ತಾರೆ. ಸುಮ್ನೆ ನೆಪ. ದೊಡ್ಡವರೂ ಮಾಡುತ್ತಾರೆ, ಕೂಲಿ ಜಾಸ್ತಿ ಕೇಳುತ್ತಾರೆ ಅಷ್ಟೇ. ಔಷಧಿ ಹೊಡೆದ ಗಿಡಗಳ ನಡುವೆ ಎರಡು ತಿಂಗಳು ಕಳೆದ ನಿಮ್ಮ ಹುಡುಗಿಯರು ಆ 43 ಲಕ್ಷದಲ್ಲಿ ಇಲ್ಲ.

ಬಡತನ ದೊಡ್ಡ ಕಾರಣವೇ. ಮುಂಗಡ ತಂದು ತಿಂದ ಮನೆಗೆ ಮಗಳನ್ನು ಕಳಿಸದೆ ವಿಧಿಯಿಲ್ಲ. ಆದರೆ ಸ್ವಂತ ಹೊಲ ಇದ್ದವರ ಮಕ್ಕಳೂ ಅದೇ ಸಾಲಿನಲ್ಲಿ ಇರುತ್ತಾರಲ್ವಾ? ಬೆಳೆದ ಬೀಜಕ್ಕೆ ಸಿಗುವ ದರ ರೈತನ ಕೈಯಲ್ಲಿಲ್ಲ. ಅವನು ಉಳಿಸಲು ನೋಡುವುದು ಕೂಲಿಯಲ್ಲಿ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14ರ ಒಳಗಿನವರನ್ನು ದುಡಿಸುವಂತಿಲ್ಲ ಎಂದಿತು. ಜೊತೆಗೆ, ಶಾಲೆ ಬಿಟ್ಟ ಮೇಲೆ ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ನೆರವಾಗಬಹುದು ಎಂದು ಕಿಂಡಿಯನ್ನೂ ಬಿಟ್ಟಿತು. ಹೊಲದಲ್ಲಿ ನಿಂತ ಮಗು ಮನೆಯದೋ ಕೂಲಿಯದೋ, ಯಾರು ಹೋಗಿ ಕೇಳುತ್ತಾರೆ?

ಜಗತ್ತಿನ ಲೆಕ್ಕದ ಗೆರೆಯೇ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಪ್ರಕಾರ 2024ರಲ್ಲಿ ಬಾಲಕಾರ್ಮಿಕರು ಸುಮಾರು 13.8 ಕೋಟಿ. ಅವರಲ್ಲಿ 5.4 ಕೋಟಿ ಮಕ್ಕಳದು ಅಪಾಯದ ಕೆಲಸ. ಒಟ್ಟು ಬಾಲಕಾರ್ಮಿಕರಲ್ಲಿ ನೂರಕ್ಕೆ 61 ಮಕ್ಕಳು ಬೇಸಾಯದಲ್ಲೇ ಇದ್ದಾರೆ. ಈ ಲೆಕ್ಕದಲ್ಲಿ 17 ವರ್ಷದವರೆಗೂ ಎಣಿಸುತ್ತಾರೆ. 5ರಿಂದ 11ರ ಮಗು ವಾರದಲ್ಲಿ ಒಂದು ಗಂಟೆ ದುಡಿದರೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಜನಗಣತಿಯ ಪಕ್ಕ ಇಟ್ಟು ತೂಗಲು ಹೋಗಬೇಡಿ.

ಒಂದು ಕೋರಿಕೆ. ನಿಮ್ಮ ಕಾಲದ ಹಾಜರಿ ಪುಸ್ತಕ ಶಾಲೆಯಲ್ಲಿ ಇನ್ನೂ ಇದ್ದರೆ, ಕ್ರಾಸಿಂಗ್ ತಿಂಗಳುಗಳಲ್ಲಿ ಎಷ್ಟು ಮಕ್ಕಳು ಬಂದಿರಲಿಲ್ಲ ಎಂದು ಎಣಿಸಿ ಬರೆಯುತ್ತೀರಾ? ಹೆಸರು ಬೇಡ, ಸಂಖ್ಯೆ ಸಾಕು.

- ಸಂ.