ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಗುಗ್ಗುಳ ತಗೋಬಹುದಾ? ದಿನಕ್ಕೆ ಎಷ್ಟು ಗ್ರಾಂ?

ಗ್ರಾಮಿನ ಲೆಕ್ಕ ಆಮೇಲೆ. ಆರು ವರ್ಷದ ಹಿಂದೆ ನಾನೂ ಅದೇ ಲೆಕ್ಕದಲ್ಲಿದ್ದೆ. ಬಿಪಿಗೆ ಡಿಲ್ಟಿಯಜೆಮ್ ನಡೀತಿತ್ತು. ಕೊಲೆಸ್ಟ್ರಾಲ್‌ಗೆ ಡಾಕ್ಟರು ಬರೆದ ಹೊಸ ಮಾತ್ರೆ ಕೊಳ್ಳದೆ ಗುಗ್ಗುಳದ ಗುಳಿಗೆ ತಂದೆ.

ಮೂರನೇ ವಾರಕ್ಕೆ ಬಿಪಿ ಏರಿತು. "ಬೇರೆ ಏನಾದ್ರೂ ತಗೋತಿದ್ದೀರಾ?" ಅಂತ ಡಾಕ್ಟರು ಕೇಳಿದರು. "ಇಲ್ಲ" ಅಂದೆ. ನಾನು ಕೆಟ್ಟಿದ್ದು ಈ ಒಂದು ಮಾತಿನಿಂದ. ಸುಳ್ಳು ಹೇಳಬೇಕು ಅಂತಲ್ಲ. ದೇವರ ಮುಂದೆ ಧೂಪಕ್ಕೆ ಹಾಕೋ ಮರದ ಅಂಟು, ಅದನ್ನೇನು ಔಷಧಿ ಅಂತ ಹೇಳೋದು ಅನ್ನಿಸಿತ್ತು. ಬೈತಾರೆ ಅನ್ನೋ ಅಳುಕೂ ಇತ್ತು. ಆದರೆ ಗುಗ್ಗುಳ ತಗೊಂಡರೆ ಡಿಲ್ಟಿಯಜೆಮ್ ರಕ್ತಕ್ಕೆ ಸೇರೋದೇ ಕಡಿಮೆಯಾಗುತ್ತೆ, ಪ್ರೊಪ್ರನೊಲಾಲ್ ಅನ್ನೋ ಇನ್ನೊಂದು ಬಿಪಿ ಮಾತ್ರೆ ಕೂಡ ಹಾಗೇ. ನನ್ನ ಮಾತ್ರೆ ಅರ್ಧಂಬರ್ಧ ಕೆಲಸ ಮಾಡ್ತಿತ್ತು. ಅದು ಗೊತ್ತಿಲ್ಲದ ಡಾಕ್ಟರು ಡೋಸ್ ಹೆಚ್ಚಿಸಿದರು. ಅಷ್ಟರಲ್ಲಿ ಮೈಮೇಲೆ ದದ್ದು ಎದ್ದು, ಹೆದರಿ ಗುಳಿಗೆ ಬಿಟ್ಟೆ. ಬಿಟ್ಟಿದ್ದನ್ನೂ ಹೇಳಲಿಲ್ಲ! ಹೆಚ್ಚಿಸಿದ ಡೋಸ್ ಈಗ ಪೂರ್ತಿ ಮೈಗೆ ಹತ್ತಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಣ್ಣಿಗೆ ಕತ್ತಲೆ ಕವಿದು ಬಿದ್ದೆ. ನಾಡಿ 42, ಬಲಗೈ ಮಣಿಕಟ್ಟು ಮುರಿದಿತ್ತು. ಹೆಂಡತಿ ಗುಳಿಗೆ ಡಬ್ಬಿ ತಂದು ತೋರಿಸಿದ ಮೇಲೇ ಡಾಕ್ಟರಿಗೆ ಗೊತ್ತಾಗಿದ್ದು.

ಗುಗ್ಗುಳ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳಲ್ಲ. ಮೇದೋರೋಗ, ಅಂದ್ರೆ ಮೈಯಲ್ಲಿ ಕೊಬ್ಬು ಹೆಚ್ಚೋ ಕಾಯಿಲೆ, ಅದರ ಬಗ್ಗೆ ಸುಶ್ರುತ ಸಂಹಿತೆ ಹೇಳಿದ್ದನ್ನ ಹಿಡಿದು ಸಂಶೋಧಕಿ ಜಿ.ವಿ. ಸತ್ಯವತಿಯವರು 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಪರೀಕ್ಷಿಸಿದ್ದರು, ಕೊಬ್ಬು ಇಳಿದಿತ್ತು. ಆದರೆ 2003ರಲ್ಲಿ ಪ್ರಕಟವಾದ ಅಮೆರಿಕದ ಎಂಟು ವಾರದ ಪ್ರಯೋಗದಲ್ಲಿ ಗುಗ್ಗುಳ ತಗೊಂಡವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿಯೋ ಬದಲು ಸ್ವಲ್ಪ ಏರಿತು, ಕೆಲವರಿಗೆ ನನ್ನ ಹಾಗೇ ದದ್ದೂ ಬಂತು. ಅದಕ್ಕೇ ಹೇಳ್ತೀನಿ, ಕೊಲೆಸ್ಟ್ರಾಲ್ ಮಾತ್ರೆ ಜಾಗಕ್ಕೆ ಇದನ್ನ ತರಬೇಡಿ.

ನಮ್ಮಮ್ಮ ಮಂಡಿನೋವಿಗೆ ಯೋಗರಾಜ ಗುಗ್ಗುಳ ತಗೋತಾರೆ. ವೈದ್ಯರು ನಾಡಿ ನೋಡಿ, ಬೇರೆ ಮಾತ್ರೆಗಳನ್ನೆಲ್ಲ ಕೇಳಿ ಕೊಟ್ಟಿದ್ದು. ಗ್ರಂಧಿಗೆ ಅಂಗಡಿಯ ಹಸಿ ಗುಗ್ಗುಳ ಬೇರೆ, ಅದು ಬೇರೆ. ಕಸಕಡ್ಡಿ ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ತ್ರಿಫಲಾ ಕಷಾಯದಲ್ಲಿ ಇಳಿಬಿಟ್ಟು ಕುದಿಸಿ ಶೋಧನೆ ಮಾಡಿದ ಮೇಲೇ ಔಷಧಕ್ಕೆ ಬರೋದು. ಹೊಸ ಗುಗ್ಗುಳ ಮೈ ತುಂಬಿಸುತ್ತೆ, ಹಳೇದು ಮೈ ಇಳಿಸುತ್ತೆ ಅನ್ನುತ್ತೆ ಆಯುರ್ವೇದ. ಕೈಯಲ್ಲಿರೋ ಉಂಡೆ ಯಾವುದು ಅಂತಾನೇ ಗೊತ್ತಿಲ್ಲದಾಗ ಗ್ರಾಂ ಏನು ಹೇಳಲಿ?

ಬಿಪಿ ಮಾತ್ರೆ ಜೊತೆ ಈಗಾಗಲೇ ಶುರು ಮಾಡಿದ್ದರೆ ನನ್ನ ಹಾಗೆ ಸುಮ್ಮನೆ ಬಿಟ್ಟುಬಿಡಬೇಡಿ. ಡಬ್ಬಿ ತಗೊಂಡು ನಾಳೆನೇ ಡಾಕ್ಟರ ಹತ್ತಿರ ಹೋಗಿ.