ಓದುಗರ ಪ್ರಶ್ನೆ, ನಮ್ಮ ಉತ್ತರ: ಜುಲೈ ತಿಂಗಳ ಪಟ್ಟಿಯನ್ನು ಎಷ್ಟು ನಂಬಬಹುದು?

ಅಮೆರಿಕದ ಕಾಲೇಜು ಫುಟ್‌ಬಾಲ್ ಋತು ಶುರುವಾಗುವುದು ಆಗಸ್ಟ್ ಕೊನೆಯಲ್ಲಿ. ಯಾವ ಕಾನ್ಫರೆನ್ಸ್‌ನಲ್ಲಿ, ಅಂದರೆ ಕಾಲೇಜು ತಂಡಗಳ ಯಾವ ಒಕ್ಕೂಟದಲ್ಲಿ, ಯಾರು ಗೆಲ್ಲುತ್ತಾರೆ ಎಂಬ ಲೆಕ್ಕಾಚಾರ ಮಾತ್ರ ಜುಲೈನಲ್ಲೇ ಬಿಸಿಯೇರುತ್ತದೆ. ಪತ್ರಕರ್ತರು ಮತ ಹಾಕಿ ತಂಡಗಳಿಗೆ ಮೊದಲೇ ಸ್ಥಾನ ಕೊಡುವ ಪಟ್ಟಿ ಬರುವುದೂ ಆಗಲೇ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇದ್ದವು. ಅಲ್ಲಿ ನೆಲೆಸಿರುವ ಕನ್ನಡಿಗರು, ಮಕ್ಕಳನ್ನು ಅಲ್ಲಿನ ಕಾಲೇಜುಗಳಿಗೆ ಕಳಿಸಿರುವ ತಂದೆತಾಯಂದಿರು ಬರೆದಿದ್ದಾರೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. 2025ರಲ್ಲಿ ಪತ್ರಕರ್ತರೆಲ್ಲ ಟೆಕ್ಸಾಸ್ ತಂಡವನ್ನೇ ಮೊದಲ ಸ್ಥಾನದಲ್ಲಿ ಕೂರಿಸಿದ್ದರು. ಕೊನೆಗೆ ಅದು ರಾಷ್ಟ್ರೀಯ ಚಾಂಪಿಯನ್ ಯಾರೆಂದು ನಿರ್ಧರಿಸುವ ಪ್ಲೇಆಫ್‌ಗೂ ಬರಲಿಲ್ಲ. ಇದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಲ್ಲವೇ?
— ಒಬ್ಬ ತಾಯಿ, ಆಸ್ಟಿನ್

ನಿಮ್ಮ ಬೇಸರ ಅರ್ಥವಾಗುತ್ತದೆ. ಟೆಕ್ಸಾಸ್ ಆಡುವುದು ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ, ಅಂದರೆ ಎಸ್‌ಇಸಿಯಲ್ಲಿ. ಅಲ್ಲಿನ ಪತ್ರಕರ್ತರು 1992ರಿಂದ 2025ರವರೆಗಿನ 34 ಋತುಗಳಲ್ಲಿ ಮೊದಲೇ ಹೆಸರಿಸಿದ ತಂಡ ಚಾಂಪಿಯನ್ ಆದದ್ದು 10 ಸಲ ಮಾತ್ರ. ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಆ ಮತ ಹಾಕುವವರು ಆಟ ತಿಳಿಯದವರಲ್ಲ. ವರ್ಷವಿಡೀ ತಂಡಗಳ ಹಿಂದೆ ಸುತ್ತುವವರು. ಹಾಗಿದ್ದೂ ಎಣಿಕೆ ತಪ್ಪುತ್ತದೆಂದರೆ ಎಡವುವ ಜಾಗ ಬೇರೆಯೇ ಇದೆ.

ಪಟ್ಟಿ ಮಾಡುವಾಗ ಕಣ್ಣಿಗೆ ಮೊದಲು ಬೀಳುವುದು ಹೆಸರು. 2025ರಲ್ಲಿ ಟೆಕ್ಸಾಸ್‌ಗೆ ಆರ್ಚ್ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ದಾಳಿ ನಡೆಸುವವನು, ಇದ್ದ. ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳಾಗಿದ್ದ ಪೇಟನ್ ಮತ್ತು ಈಲೈ ಮ್ಯಾನಿಂಗ್ ಅವರ ಅಣ್ಣನ ಮಗ. ಎಲ್ಲ ಕ್ಯಾಮೆರಾಗಳೂ ಅವನ ಮೇಲೆಯೇ. ಅವನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಐವರ ಬಗ್ಗೆ ಅಷ್ಟು ಚರ್ಚೆ ನಡೆಯಲಿಲ್ಲ. ಆಫೆನ್ಸಿವ್ ಲೈನ್ ಎಂದು ಕರೆಯುವ ಆ ಐವರ ಸಾಲಿನಲ್ಲಿ ನಾಲ್ವರು ಹಿಂದಿನ ವರ್ಷಕ್ಕೇ ಕಾಲೇಜು ಆಟ ಮುಗಿಸಿದ್ದರು. ಎಡ ತುದಿಯ ಟ್ಯಾಕಲ್ ಕೆಲ್ವಿನ್ ಬ್ಯಾಂಕ್ಸ್‌ನನ್ನು ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ, ವೃತ್ತಿಪರ ಲೀಗಿನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಒಂಬತ್ತನೆಯವನಾಗಿ ಆರಿಸಿಕೊಂಡಿತ್ತು. ನಡುವಿನ ಸೆಂಟರ್ ಜೇಕ್ ಮೇಜರ್ಸ್ ಕೂಡ ಹೋಗಿದ್ದ.

ಆ ಸಾಲಿನ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಮುಂದಿನ ಪಂದ್ಯದಲ್ಲಿ ಚೆಂಡಿನ ಮೇಲೆ ಕಣ್ಣಿಡದೆ ಸೆಂಟರ್‌ನ ಮೇಲೆ ಇಡಿ. ಚೆಂಡನ್ನು ಹಿಂದಕ್ಕೆ ಕೊಡುವ ಮುನ್ನ ಅವನು ತಲೆಯೆತ್ತಿ ಎದುರಾಳಿಗಳು ನಿಂತ ಬಗೆಯನ್ನು ನೋಡುತ್ತಾನೆ, ಕೈ ತೋರಿಸುತ್ತಾನೆ, ಏನೋ ಕೂಗುತ್ತಾನೆ. ಯಾರು ಯಾರನ್ನು ತಡೆಯಬೇಕು ಎಂಬುದು ಆ ಕೂಗಿನಲ್ಲಿರುತ್ತದೆ. ಆಟ ಶುರುವಾದ ಮೇಲೆ ಇಬ್ಬರು ಎದುರಾಳಿಗಳು ನಡುವೆಯೇ ದಾರಿ ಅದಲುಬದಲು ಮಾಡಿಕೊಂಡರೆ, ಪಕ್ಕಪಕ್ಕದ ಗಾರ್ಡ್ ಮತ್ತು ಟ್ಯಾಕಲ್ ಮಾತಿಲ್ಲದೆ ತಮ್ಮ ತಮ್ಮ ಎದುರಾಳಿಯನ್ನು ಇನ್ನೊಬ್ಬನಿಗೆ ಒಪ್ಪಿಸಬೇಕು. ಇದು ತೋಳ್ಬಲದಿಂದ ಬರುವುದಿಲ್ಲ, ವರ್ಷಗಟ್ಟಲೆ ಒಟ್ಟಿಗೆ ಆಡಿ ಬರಬೇಕು. ಹೊಸ ಸಾಲಿಗೆ ಮೊದಲ ಪಂದ್ಯವೇ ಕೊಲಂಬಸ್‌ನಲ್ಲಿ, ಒಹಾಯೊ ಸ್ಟೇಟ್ ವಿರುದ್ಧ, ಒಂದು ಲಕ್ಷಕ್ಕೂ ಹೆಚ್ಚು ಜನರ ಅಬ್ಬರದ ನಡುವೆ. ಅಲ್ಲಿ ಸೆಂಟರ್‌ನ ಕೂಗು ಪಕ್ಕದವನಿಗೂ ಕೇಳಿಸುವುದು ಕಷ್ಟ. ಟೆಕ್ಸಾಸ್ 14-7ರಿಂದ ಸೋತಿತು. ಅಕ್ಟೋಬರ್ 4ರಂದು ಫ್ಲಾರಿಡಾದಲ್ಲಿ 29-21, ನವೆಂಬರ್‌ನಲ್ಲಿ ಜಾರ್ಜಿಯಾದಲ್ಲಿ 35-10. ಮೂರು ಸೋಲೂ ಪರರ ಅಂಗಳದಲ್ಲೇ.

ಆದ್ದರಿಂದ ನಿಮ್ಮ ಮಗಳಿಗೆ ಹೇಳಿ: ಈ ಸಲದ ಪಟ್ಟಿ ಬಂದಾಗ ಕ್ವಾರ್ಟರ್‌ಬ್ಯಾಕ್‌ನ ಹೆಸರು ಬಿಟ್ಟು ಲೈನ್‌ನಲ್ಲಿ ಎಷ್ಟು ಮಂದಿ ಹಳಬರು ಉಳಿದಿದ್ದಾರೆ, ಕಠಿಣ ಪಂದ್ಯಗಳು ಯಾವ ಊರಿನಲ್ಲಿ ಬಿದ್ದಿವೆ ಎಂಬ ಎರಡನ್ನು ಮೊದಲು ನೋಡಲಿ. 9-3, ಅಂದರೆ 9 ಗೆಲುವು 3 ಸೋಲು, ಕಳಪೆ ಋತುವೇನಲ್ಲ. ಜುಲೈನಲ್ಲಿ ಹೊರಿಸಿದ ಭಾರ ಆ ಹುಡುಗರದ್ದಾಗಿರಲಿಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಪ್ರಶ್ನೆ: ನೀವು ನಿವೃತ್ತ ಗಣಿತ ಶಿಕ್ಷಕಿ ಎಂದು ಹಿಂದೊಮ್ಮೆ ಬರೆದಿದ್ದಿರಿ. ನಿಮ್ಮ ಸ್ವಂತ ಪಟ್ಟಿಯನ್ನು ಹೇಗೆ ಮಾಡುತ್ತೀರಿ?
— ಒಬ್ಬ ವಿದ್ಯಾರ್ಥಿ, ನ್ಯಾಶ್‌ವಿಲ್

ಪೆನ್ಸಿಲ್, ರಬ್ಬರ್ ಮತ್ತು ಉದ್ದನೆಯ ಹಾಳೆಯ ಒಂದು ಲೆಕ್ಕದ ಪುಸ್ತಕ. ತಂಡಗಳಿಗೆ ನಾನು ಸ್ಥಾನ ಕೊಡುವುದಿಲ್ಲ, ಪಂದ್ಯಗಳಿಗೆ ಫಲಿತಾಂಶ ಬರೆಯುತ್ತೇನೆ. ಇವೆರಡರ ನಡುವೆ ದೊಡ್ಡ ಅಂತರವಿದೆ.

2024ರಲ್ಲಿ ಟೆಕ್ಸಾಸ್ ಮತ್ತು ಒಕ್ಲಹೋಮ ಸೇರಿದ ಮೇಲೆ ಎಸ್‌ಇಸಿಯಲ್ಲಿ 16 ತಂಡಗಳಿವೆ. ಪೂರ್ವ, ಪಶ್ಚಿಮ ಎಂಬ ವಿಭಾಗಗಳನ್ನು ಅದೇ ವರ್ಷ ತೆಗೆದುಹಾಕಿದರು. 2025ರವರೆಗೆ ಪ್ರತಿ ತಂಡವೂ ಕಾನ್ಫರೆನ್ಸ್ ಒಳಗೆ 8 ಪಂದ್ಯ ಆಡುತ್ತಿತ್ತು. 2026ರಿಂದ 9: ಮೂರು ಕಾಯಂ ಎದುರಾಳಿಗಳು, ಉಳಿದ ಆರು ಸರದಿಯ ಪ್ರಕಾರ. 16 ತಂಡ, ತಲಾ 9 ಪಂದ್ಯ, ಪ್ರತಿ ಪಂದ್ಯಕ್ಕೆ ಎರಡು ತಂಡ. ಒಟ್ಟು 72 ಪಂದ್ಯ. ಹಾಗಾಗಿ ಇಡೀ ಕಾನ್ಫರೆನ್ಸ್‌ನಲ್ಲಿ ಹಂಚಲು ಇರುವುದು 72 ಗೆಲುವುಗಳು, ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಯಾರಾದರೂ ಈ ತಂಡ 7 ಗೆಲ್ಲುತ್ತದೆ, ಆ ತಂಡ 6 ಗೆಲ್ಲುತ್ತದೆ ಎಂದು ಒಂದೊಂದಾಗಿ ಹೇಳುತ್ತಾ ಹೋದರೆ ಕೊನೆಯಲ್ಲಿ ಕೂಡಿಸಿ ನೋಡಿ. ಮೊತ್ತ ಬಹುಪಾಲು 72ನ್ನು ದಾಟಿರುತ್ತದೆ. ಪ್ರತಿ ತಂಡಕ್ಕೂ ಹೊಸ ಆಟಗಾರರು ಬಂದಿದ್ದಾರೆ, ಪ್ರತಿ ಕೋಚ್ ಕೂಡ ಭರವಸೆಯ ಮಾತಾಡಿದ್ದಾನೆ. ಸೋಲನ್ನು ಯಾರ ತಲೆಗೆ ಕಟ್ಟುವುದು ಎಂದು ಮನಸ್ಸು ಹಿಂಜರಿಯುತ್ತದೆ. ಪುಸ್ತಕದಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗದು. ಒಂದು ಸಾಲಿನಲ್ಲಿ ಗೆಲುವು ಬರೆದರೆ ಇನ್ನೊಂದರಲ್ಲಿ ಸೋಲು ಬರೆಯಲೇಬೇಕು.

ನಿಮ್ಮ ಊರಿನ ತಂಡವನ್ನೇ ತೆಗೆದುಕೊಳ್ಳಿ. 2024ರ ಪಟ್ಟಿಯಲ್ಲಿ ವ್ಯಾಂಡರ್‌ಬಿಲ್ಟ್ ಕೊನೆಯದು. ಅಕ್ಟೋಬರ್ 5ರಂದು ಅಲಬಾಮಾವನ್ನು 40-35ರಿಂದ ಸೋಲಿಸಿತು. ಹುಡುಗರು ಗೋಲ್‌ಪೋಸ್ಟ್ ಕಿತ್ತು ಹೊತ್ತೊಯ್ದು ಕಂಬರ್‌ಲ್ಯಾಂಡ್ ನದಿಗೆ ಹಾಕಿದರು. ಇಷ್ಟಾದರೂ 2025ರಲ್ಲಿ ಪತ್ರಕರ್ತರು ಕೊಟ್ಟ ಸ್ಥಾನ 13. ತಂಡ ಗಳಿಸಿದ್ದು 10-2. ಅದೇ ವರ್ಷ ಐದನೆಯ ಸ್ಥಾನ ಪಡೆದಿದ್ದ ಸೌತ್ ಕ್ಯಾರೊಲಿನಾ 4-8ಕ್ಕೆ ಇಳಿಯಿತು. ವ್ಯಾಂಡರ್‌ಬಿಲ್ಟ್‌ನ ಕ್ವಾರ್ಟರ್‌ಬ್ಯಾಕ್ ಡಿಯೆಗೊ ಪಾವಿಯಾ 2025ರಲ್ಲೂ ಅಲ್ಲೇ ಇದ್ದ. ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಅವನ ಕೋಚ್ ಆಗಿದ್ದ ಜೆರ್ರಿ ಕಿಲ್ ಕೂಡ ಅಲ್ಲೇ ಇದ್ದರು. ಅದನ್ನು ನೋಡುವ ಬದಲು ಹಲವರು ವ್ಯಾಂಡರ್‌ಬಿಲ್ಟ್ ಎಂಬ ಹೆಸರಿನ ಹಳೆಯ ಸೋಲುಗಳನ್ನೇ ನೋಡಿದರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಆಡುವವರು ಇವತ್ತಿನ ಹುಡುಗರು. ಅವರು ಹುಟ್ಟುವ ಮುನ್ನ ನಡೆದ ಸೋಲುಗಳಿಗೆ ಅವರೇಕೆ ದಂಡ ತೆರಬೇಕು?

ಪ್ರಶ್ನೆ: ಕೊನೆಯ ಸ್ಥಾನದ ತಂಡವೇ ಚಾಂಪಿಯನ್ ಆಗಿದೆ ಎಂದು ನಮ್ಮ ಕಚೇರಿಯಲ್ಲಿ ಹೇಳುತ್ತಾರೆ. ಉತ್ಪ್ರೇಕ್ಷೆಯೇ?
— ಒಬ್ಬ ಓದುಗರು, ಫೀನಿಕ್ಸ್

ಅಕ್ಷರಶಃ ನಿಜ, ಅದೂ ನಿಮ್ಮ ಪಕ್ಕದ ಟೆಂಪಿಯಲ್ಲೇ ನಡೆದದ್ದು. 2024ರಲ್ಲಿ ಬಿಗ್ 12 ಕಾನ್ಫರೆನ್ಸ್‌ನ 16 ತಂಡಗಳಲ್ಲಿ ಅರಿಜೋನಾ ಸ್ಟೇಟ್‌ಗೆ ಕೊಟ್ಟದ್ದು 16ನೆಯ ಸ್ಥಾನ. ಹಿಂದಿನ ವರ್ಷ ಪ್ಯಾಕ್-12 ಎಂಬ ಬೇರೆ ಕಾನ್ಫರೆನ್ಸ್‌ನಲ್ಲಿದ್ದಾಗ ಅದರ ಸಾಧನೆ 3-9. ಮೊದಲ ಸ್ಥಾನ ಯೂಟಾ ತಂಡಕ್ಕೆ, ಮುಖ್ಯವಾಗಿ ಕ್ಯಾಮ್ ರೈಸಿಂಗ್ ಎಂಬ ಅನುಭವಿ ಕ್ವಾರ್ಟರ್‌ಬ್ಯಾಕ್ ಗಾಯದಿಂದ ಮರಳುತ್ತಾನೆಂದು.

ಎರಡನೆಯ ಪಂದ್ಯದಲ್ಲಿ ಬೇಲರ್ ಆಟಗಾರನೊಬ್ಬ ಗೆರೆಯಾಚೆ ತಳ್ಳಿದಾಗ ರೈಸಿಂಗ್ ಅಲ್ಲಿದ್ದ ನೀರಿನ ಕೂಲರ್‌ಗಳ ಮೇಲೆ ಬಿದ್ದ. ಚೆಂಡೆಸೆಯುವ ಕೈಯ ಬೆರಳುಗಳಿಗೇ ಪೆಟ್ಟಾಯಿತು. ಅವನು ಮತ್ತೆ ಮೈದಾನಕ್ಕಿಳಿದದ್ದು ಅಕ್ಟೋಬರ್‌ನಲ್ಲಿ, ಅರಿಜೋನಾ ಸ್ಟೇಟ್ ವಿರುದ್ಧ ಟೆಂಪಿಯಲ್ಲಿ. ಅಲ್ಲಿ ಕಾಲಿಗೆ ಏಟಾಗಿ ಅವನ ಋತುವೇ ಮುಗಿಯಿತು. ಕೊನೆಯ ಸ್ಥಾನದ ತಂಡ ಮೊದಲ ಸ್ಥಾನದ ತಂಡವನ್ನು 27-19ರಿಂದ ಸೋಲಿಸಿತು. ಯೂಟಾ ಕಾನ್ಫರೆನ್ಸ್‌ನಲ್ಲಿ ಗೆದ್ದದ್ದು ಎರಡೇ ಪಂದ್ಯ. ಅರಿಜೋನಾ ಸ್ಟೇಟ್ ಅಂತಿಮ ಪಂದ್ಯದಲ್ಲಿ ಅಯೋವಾ ಸ್ಟೇಟ್ ತಂಡವನ್ನು 45-19ರಿಂದ ಬಗ್ಗುಬಡಿದು ಪ್ಲೇಆಫ್‌ಗೆ ಹೋಯಿತು.

ಇದನ್ನು ಬರೀ ಅದೃಷ್ಟವೆಂದು ತಳ್ಳಿಹಾಕಬೇಡಿ. ಅರಿಜೋನಾ ಸ್ಟೇಟ್‌ನ ಓಟಗಾರ ಕ್ಯಾಮ್ ಸ್ಕಾಟೆಬೊ ಸ್ಯಾಕ್ರಮೆಂಟೊ ಸ್ಟೇಟ್‌ನಂಥ ಸಣ್ಣ ತಂಡದಿಂದ ಬಂದವನು. ಆ ಋತುವಿನಲ್ಲಿ ಚೆಂಡು ಹಿಡಿದು 1,711 ಗಜ ಓಡಿದ. ಒಬ್ಬ ತಡೆದರೆ ಬೀಳುವವನಲ್ಲ, ಮೂವರು ಕಚ್ಚಿಕೊಂಡರೂ ಇನ್ನೆರಡು ಗಜ ಎಳೆದೊಯ್ಯುವವನು. ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಲೆವಿಟ್ ಮಿಷಿಗನ್ ಸ್ಟೇಟ್‌ನಿಂದ ಬಂದಿದ್ದ. ಕೋಚ್ ಕೆನ್ನಿ ಡಿಲಿಂಗಮ್ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು. 2021ರಿಂದ ಆಟಗಾರರು ತಂಡ ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕೆಂಬ ಕಟ್ಟಳೆ ಸಡಿಲವಾಯಿತು. ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿದವರು ಮರುವರ್ಷವೇ ಬೇರೆ ಅಂಗಿ ತೊಡುತ್ತಾರೆ. ಸ್ಕಾಟೆಬೊ ಆಗಲೂ ತಂಡದಲ್ಲಿದ್ದ, ಆದರೆ ಹಿಂದಿನ ವರ್ಷದ 3-9 ಎಂಬುದು ಬಹುಮಟ್ಟಿಗೆ ಬೇರೆ ಹುಡುಗರ ಲೆಕ್ಕ.

ಅದೇ 2024ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ, ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಫ್ಲಾರಿಡಾ ಸ್ಟೇಟ್ 2-10ಕ್ಕೆ ಕುಸಿಯಿತು. ಹಿಂದಿನ ವರ್ಷ 13-1 ಸಾಧಿಸಿದ ತಂಡದಿಂದ 10 ಮಂದಿ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಹೋಗಿದ್ದರು. ಬಿಗ್ 12 ಕಾನ್ಫರೆನ್ಸ್ 2025ರಲ್ಲಿ ಪಟ್ಟಿ ಮಾಡುವುದನ್ನೇ ನಿಲ್ಲಿಸಿತು. ನನಗೆ ಅದು ಹಿಡಿಸಲಿಲ್ಲ. ಪಟ್ಟಿ ಇದ್ದದ್ದರಿಂದಲೇ ಅರಿಜೋನಾ ಸ್ಟೇಟ್ ಎಷ್ಟು ದೂರ ನಡೆದು ಬಂತೆಂದು ನಮಗೆ ಕಂಡದ್ದು.

ಪ್ರಶ್ನೆ: 2025ರಲ್ಲಿ ಐದು ಪಂದ್ಯ ಸೋತ ಡ್ಯೂಕ್ ಎಸಿಸಿ ಚಾಂಪಿಯನ್ ಆಯಿತು. ಮಯಾಮಿ ಅಂತಿಮ ಪಂದ್ಯಕ್ಕೂ ಬರಲಿಲ್ಲ, ಆದರೆ ರಾಷ್ಟ್ರೀಯ ಫೈನಲ್ ಆಡಿತು! ಇದೆಂಥ ನ್ಯಾಯ?
— ಒಬ್ಬ ಓದುಗರು, ಷಾರ್ಲಟ್

ನಿಯಮದ ಪ್ರಕಾರವೇ ನಡೆದದ್ದು, ಆದರೂ ನಿಮ್ಮ ಪ್ರಶ್ನೆ ಸರಿಯಾಗಿದೆ. ಎಸಿಸಿಯಲ್ಲಿ 17 ಫುಟ್‌ಬಾಲ್ ತಂಡಗಳು. ಅಂತಿಮ ಪಂದ್ಯ ಆಡುವುದು ಮೊದಲೆರಡು ಸ್ಥಾನದವು. ಪ್ರತಿ ತಂಡ ಆಡಿದ್ದು 8 ಕಾನ್ಫರೆನ್ಸ್ ಪಂದ್ಯ. ಅಂದರೆ ಅರ್ಧದಷ್ಟು ತಂಡಗಳನ್ನು ಎದುರಿಸಲೇ ಇಲ್ಲ. ವರ್ಜೀನಿಯಾ 7-1ರೊಂದಿಗೆ ಮುಂದಿತ್ತು. ಅದರ ಹಿಂದೆ 6-2ರಲ್ಲಿ ಐದು ತಂಡಗಳು ಸಮನಾಗಿ ನಿಂತವು: ಡ್ಯೂಕ್, ಮಯಾಮಿ, ಜಾರ್ಜಿಯಾ ಟೆಕ್, ಪಿಟ್ಸ್‌ಬರ್ಗ್, ಎಸ್‌ಎಂಯು. ಕೊನೆಗೆ ನಿರ್ಣಾಯಕವಾದದ್ದು ಅವರವರು ಎದುರಿಸಿದ ತಂಡಗಳು ಕಾನ್ಫರೆನ್ಸ್‌ನಲ್ಲಿ ಎಷ್ಟು ಗೆದ್ದಿವೆ ಎಂಬ ಲೆಕ್ಕ. ಅದರಲ್ಲಿ ಡ್ಯೂಕ್ ಮೇಲಾಯಿತು, ಹೆಚ್ಚುವರಿ ಅವಧಿಯಲ್ಲಿ ವರ್ಜೀನಿಯಾವನ್ನು 27-20ರಿಂದ ಸೋಲಿಸಿತು. ಮಯಾಮಿಯನ್ನು ಪ್ಲೇಆಫ್‌ಗೆ ಆರಿಸಿದ್ದು ಬೇರೆಯೇ ಆಯ್ಕೆ ಸಮಿತಿ.

ಜುಲೈನಲ್ಲಿ ಕುಳಿತು ಯಾರೂ ಇದನ್ನು ಊಹಿಸಲಾರರು. ಆದರೆ ಯಾರ ಪಂದ್ಯಪಟ್ಟಿಯಲ್ಲಿ ಬಲಿಷ್ಠ ತಂಡಗಳು ಎಷ್ಟಿವೆ ಎಂಬುದು ಜುಲೈಗೂ ಮೊದಲೇ ಅಚ್ಚಾಗಿರುತ್ತದೆ. ಯಾವ ತಂಡ ಒಳ್ಳೆಯದು ಎಂಬುದೂ ಯಾವ ತಂಡ ಚಾಂಪಿಯನ್ ಆಗುತ್ತದೆ ಎಂಬುದೂ ಎರಡು ಬೇರೆ ಪ್ರಶ್ನೆಗಳು. ಪತ್ರಕರ್ತರ ಮತಪತ್ರದಲ್ಲಿ ಎರಡಕ್ಕೂ ಒಂದೇ ಜಾಗ.

ಪ್ರಶ್ನೆ: ಬಿಗ್ ಟೆನ್ ಪಟ್ಟಿ ಎಲ್ಲೂ ಸಿಗುತ್ತಿಲ್ಲವಲ್ಲ?
— ಬ್ಲೂಮಿಂಗ್ಟನ್‌ನಿಂದ

ಬಿಗ್ ಟೆನ್ ಅಧಿಕೃತವಾಗಿ ಅಂಥ ಪಟ್ಟಿ ಮಾಡುವುದಿಲ್ಲ. ಕ್ಲೀವ್‌ಲ್ಯಾಂಡ್‌ನ ಸುದ್ದಿಸಂಸ್ಥೆಯೊಂದು ಪತ್ರಕರ್ತರನ್ನು ಕೇಳಿ ತಾನೇ ಪ್ರಕಟಿಸುತ್ತದೆ. 2024ರಲ್ಲಿ 18 ತಂಡಗಳಲ್ಲಿ ನಿಮ್ಮ ಇಂಡಿಯಾನಾಕ್ಕೆ ಅದು ಕೊಟ್ಟದ್ದು 17ನೆಯ ಸ್ಥಾನ. ಹೊಸ ಕೋಚ್ ಕರ್ಟ್ ಸಿಗ್ನೆಟಿ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ತಮ್ಮ ಹಲವು ಆಟಗಾರರನ್ನೂ ಕರೆದುಕೊಂಡು ಬಂದಿದ್ದರು, ಅಂದರೆ ಒಟ್ಟಿಗೆ ಆಡಿ ಪಳಗಿದವರನ್ನು. ಆ ವರ್ಷ ಲೀಗ್ ಹಂತದಲ್ಲಿ 11-1. ಮುಂದಿನ ವರ್ಷ ಒಂದೂ ಸೋಲಿಲ್ಲದೆ ರಾಷ್ಟ್ರೀಯ ಚಾಂಪಿಯನ್. ನೀವು ಬ್ಲೂಮಿಂಗ್ಟನ್‌ನಲ್ಲಿದ್ದು ಅದನ್ನು ಕಣ್ಣಾರೆ ಕಂಡಿದ್ದೀರಿ ಎಂಬುದೇ ನನಗೆ ಸಂತೋಷ.

ಪ್ರಶ್ನೆ: ಋತುವಿಗೆ ಮುನ್ನ ಸಿಗುವ ಸ್ಥಾನದಿಂದ ಪ್ಲೇಆಫ್ ಆಯ್ಕೆಗೆ ಲಾಭವಿದೆಯೇ?
— ಒಬ್ಬ ಓದುಗರು, ಟಸ್ಕಲೂಸಾ

ನೇರವಾಗಿ ಇಲ್ಲ. ಆಯ್ಕೆ ಸಮಿತಿ ತನ್ನ ಮೊದಲ ಪಟ್ಟಿ ಹೊರಡಿಸುವುದೇ ನವೆಂಬರ್ ಹೊತ್ತಿಗೆ. ಪರೋಕ್ಷವಾಗಿ ಇದೆ ಎಂಬುದು ನನ್ನ ಅಭಿಪ್ರಾಯ. ಆಗಸ್ಟ್‌ನಲ್ಲಿ ಮೇಲಿದ್ದ ತಂಡವನ್ನು ಸೋಲಿಸಿದವರ ಗೆಲುವು ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಸುತ್ತುಬಳಸಿ ಬೇಡ ಮೇಡಂ. ಈ ಸಲ ಎಸ್‌ಇಸಿ ಫೈನಲ್‌ಗೆ ಯಾರು?
— ಒಬ್ಬ ಓದುಗರು, ಬರ್ಮಿಂಗ್‌ಹ್ಯಾಮ್

ಒಂದು ತಂಡ ಜಾರ್ಜಿಯಾ. ಕೋಚ್ ಕಿರ್ಬಿ ಸ್ಮಾರ್ಟ್ ಅವರ ತಂಡ 2017ರಿಂದ 2025ರವರೆಗೆ 2020ನ್ನು ಬಿಟ್ಟು ಪ್ರತಿ ವರ್ಷವೂ ಅಟ್ಲಾಂಟಾದ ಅಂತಿಮ ಪಂದ್ಯ ಆಡಿದೆ. 2024 ಮತ್ತು 2025ರಲ್ಲಿ ಸತತವಾಗಿ ಗೆದ್ದಿದೆ. ನಾನು ಇರುವುದು ಜಾರ್ಜಿಯಾದಲ್ಲೇ, ಆದರೆ ಈ ಉತ್ತರ ಬರೆಸಿದ್ದು ಲೆಕ್ಕದ ಪುಸ್ತಕ, ಊರಿನ ಅಭಿಮಾನವಲ್ಲ. ಎರಡನೆಯ ತಂಡದ ಹೆಸರನ್ನು ಆಗಸ್ಟ್ ಅಭ್ಯಾಸ ಶಿಬಿರಗಳು ಮುಗಿದು, ಲೈನ್‌ಗಳಲ್ಲಿ ಯಾರು ಯಾವ ಜಾಗದಲ್ಲಿ ನಿಂತರೆಂದು ತಿಳಿದ ಮೇಲೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.