ಕನಸಿನಲ್ಲಿ ಕಂಡ ಮನೆ ಎಲ್ಲಿದೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಹಲವು ವರ್ಷಗಳಿಂದ ನನ್ನ ಕನಸಿನಲ್ಲಿ ಒಂದೇ ಮನೆ ಮತ್ತೆ ಮತ್ತೆ ಬರುತ್ತದೆ. ಹೆಂಚಿನ ಮಾಡು, ನಡುವೆ ತೊಟ್ಟಿ, ಬಲಗಡೆ ಅಟ್ಟಕ್ಕೆ ಹತ್ತುವ ಕಿರಿದಾದ ಮರದ ಮೆಟ್ಟಿಲು, ಮೇಲೊಂದು ನೀಲಿ ಬಾಗಿಲು. ಅಂಥ ಮನೆಗೆ ನಾನು ಎಂದೂ ಹೋದವಳಲ್ಲ. ಕನಸೆಂದರೆ ಸಮಾನಾಂತರ ವಿಶ್ವದಲ್ಲಿ ನಾವೇ ನಡೆಸುತ್ತಿರುವ ಇನ್ನೊಂದು ಬಾಳಿನ ನೋಟ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಉಪನಿಷತ್ತುಗಳೂ ಇದನ್ನೇ ಹೇಳುತ್ತವೆಯಂತೆ. ಇದು ನಿಜವೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಕನಸಿನ ಅನುಭವ ನಿಜವೇ ಎಂಬುದು ಒಂದು, ಕನಸಿನಲ್ಲಿ ಕಂಡ ಮನೆ ನಮ್ಮಿಂದ ಹೊರಗೆ ಬೇರೆ ಯಾವುದಾದರೂ ಲೋಕದಲ್ಲಿ ಇದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದೆಂದೇ ಹೇಳುತ್ತೇನೆ. ಕನಸಿನಲ್ಲಿ ಹೆದರಿದವರ ಎದೆ ನಿಜವಾಗಿಯೂ ಹೊಡೆದುಕೊಳ್ಳುತ್ತದೆ, ಅತ್ತವರ ದಿಂಬು ನಿಜವಾಗಿಯೂ ಒದ್ದೆಯಾಗಿರುತ್ತದೆ. ಎರಡನೆಯದಕ್ಕೆ ಮಾತ್ರ ನಾನು ಓದಿ ತಿಳಿದ ಆಧಾರಗಳು ಇಲ್ಲವೆಂಬ ಕಡೆಗೇ ವಾಲುತ್ತವೆ.

ಉಪನಿಷತ್ತಿನ ಹೆಸರು ಬಂದಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಜನಕರಾಜನಿಗೆ ಉಪದೇಶಿಸುವಾಗ, ಕನಸನ್ನು ಇಹಕ್ಕೂ ಪರಕ್ಕೂ ನಡುವಿನ ಮೂರನೆಯ ನೆಲೆ ಎಂದೂ, ಅಲ್ಲಿ ನಿಂತವನು ಎರಡನ್ನೂ ಕಾಣುತ್ತಾನೆ ಎಂದೂ ಹೇಳುತ್ತಾರೆ. ವಿಡಿಯೊದವರು ಹಿಡಿದುಕೊಂಡಿರುವುದು ಬಹುಶಃ ಈ ಮಾತನ್ನೇ. ಆದರೆ ಉಪದೇಶ ಅಲ್ಲಿಗೆ ನಿಲ್ಲುವುದಿಲ್ಲ. ಮಲಗಿದವನು ಈ ಲೋಕದ ಅಂಶಗಳನ್ನೇ ತೆಗೆದುಕೊಂಡು, ತಾನೇ ಕೆಡವಿ, ತಾನೇ ಕಟ್ಟಿ, ತನ್ನದೇ ಬೆಳಕಿನಲ್ಲಿ ಕನಸು ಕಾಣುತ್ತಾನೆ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಅಲ್ಲಿ ರಥಗಳಿಲ್ಲ, ರಥಕ್ಕೆ ಹೂಡುವ ಕುದುರೆಗಳಿಲ್ಲ, ದಾರಿಗಳೂ ಇಲ್ಲ. ಅವನ್ನೆಲ್ಲ ಅವನೇ ಸೃಷ್ಟಿಸಿಕೊಳ್ಳುತ್ತಾನೆ. ಬೇರೊಂದು ಕಡೆ ಮೊದಲೇ ಇದ್ದ ಊರಿಗೆ ಹೋಗಿಬರುವುದಕ್ಕೂ ಈ ವಿವರಣೆಗೂ ಬಹಳ ಅಂತರವಿದೆ.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಮೂರನೆಯ ಅಧ್ಯಾಯದಲ್ಲಿ ನಿಮ್ಮ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡಂತೆ ಒಂದು ಉದಾಹರಣೆ ಕೊಡುತ್ತಾರೆ. ಕುರುದೇಶದಲ್ಲಿ ಮಲಗಿದವನೊಬ್ಬ ಕನಸಿನಲ್ಲಿ ಪಾಂಚಾಲಕ್ಕೆ ಹೋಗುತ್ತಾನೆ, ಅಲ್ಲಿರುವಾಗಲೇ ಅವನಿಗೆ ಎಚ್ಚರವಾಗುತ್ತದೆ. ನಿಜವಾಗಿ ಹೋಗಿದ್ದರೆ ಅವನು ಪಾಂಚಾಲದಲ್ಲಿ ಎದ್ದು ಕೂರಬೇಕಿತ್ತು. ಎದ್ದದ್ದು ಕುರುದೇಶದ ಹಾಸಿಗೆಯಲ್ಲೇ. ಅವನು ಪ್ರಯಾಣದಲ್ಲಿದ್ದೆನೆಂದು ತಿಳಿದ ಹೊತ್ತಿನಲ್ಲಿ ಪಕ್ಕದಲ್ಲಿದ್ದವರು ಅವನ ದೇಹ ಅಲ್ಲೇ ಬಿದ್ದಿರುವುದನ್ನು ಕಂಡಿದ್ದಾರೆ. ಆದ್ದರಿಂದ ಕನಸಿನ ಸೃಷ್ಟಿ ಮಾಯಾಮಾತ್ರ, ಬರಿಯ ತೋರಿಕೆ ಎಂಬುದು ಅವರ ನಿರ್ಣಯ.

ಈ ನಿರ್ಣಯವನ್ನು ರಾಮಾನುಜರೂ ಮಧ್ವರೂ ಒಪ್ಪಲಿಲ್ಲ. ರಾಮಾನುಜರ ಪ್ರಕಾರ ಕನಸಿನ ವಸ್ತುಗಳು ಸತ್ಯ, ಜೀವಿಯ ಪುಣ್ಯಪಾಪಗಳಿಗೆ ತಕ್ಕಂತೆ ಈಶ್ವರನೇ ಅವನ್ನು ಸೃಷ್ಟಿಸುತ್ತಾನೆ. ಆದರೆ ಅವು ಆ ಒಬ್ಬನ ಅನುಭವಕ್ಕೆ ಮಾತ್ರ ಮತ್ತು ಆ ಹೊತ್ತಿಗೆ ಮಾತ್ರ ಇರುತ್ತವೆ. ಉಡುಪಿಯ ಮಧ್ವಾಚಾರ್ಯರು ಇನ್ನೊಂದು ಬಗೆಯಲ್ಲಿ ಕನಸನ್ನು ಸತ್ಯವೆನ್ನುತ್ತಾರೆ. ಮನಸ್ಸಿನಲ್ಲಿ ನೆಲೆಸಿರುವ ವಾಸನೆಗಳೇ, ಅಂದರೆ ಹಿಂದಿನ ಅನುಭವಗಳು ಉಳಿಸಿಹೋದ ಸಂಸ್ಕಾರಗಳೇ ಕನಸಿನ ವಸ್ತುಗಳಿಗೆ ಸಾಮಗ್ರಿ, ಅವುಗಳಿಂದ ರೂಪಿಸುವವನು ಭಗವಂತ, ಕಂಡದ್ದು ಸುಳ್ಳಲ್ಲ. ಅದನ್ನು ಎಚ್ಚರದ ಹೊರಗಿನ ವಸ್ತುವೆಂದು ತಿಳಿಯುವುದಷ್ಟೇ ತಪ್ಪು. ಈ ಮೂವರ ನಡುವಿನ ವಾದ ಎಷ್ಟು ಆಳವಾದುದೆಂಬುದು ಗೊತ್ತಿದ್ದವರಿಗೆ, ‘ಉಪನಿಷತ್ತು ಸಮಾನಾಂತರ ವಿಶ್ವವನ್ನು ಹೇಳಿದೆ’ ಎಂದು ಒಂದೇ ಉಸಿರಿನಲ್ಲಿ ಮುಗಿಸುವ ಮಾತು ನೋವು ತರುತ್ತದೆ. ವೈಯಕ್ತಿಕವಾಗಿ ನನಗೆ ಮಧ್ವರ ನಿಲುವು ಈ ವಿಷಯದಲ್ಲಿ ಬಹಳ ಹಿಡಿಸುತ್ತದೆ. ಅನುಭವದ ಗೌರವವನ್ನೂ ಉಳಿಸಿ, ತಪ್ಪು ಎಲ್ಲಿದೆ ಎಂಬುದನ್ನೂ ಅದು ಬೆರಳಿಟ್ಟು ತೋರಿಸುತ್ತದೆ.

ಇನ್ನು, ಎಂದೂ ನೋಡದ ಮನೆ ಎಲ್ಲಿಂದ ಬಂತು ಎಂಬ ಪ್ರಶ್ನೆ. ನೋಡಿದ ನೆನಪಿಲ್ಲದಿರುವುದೂ ನೋಡದೇ ಇರುವುದೂ ಒಂದೇ ಅಲ್ಲ. 2000ದಲ್ಲಿ ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಕೆಲವರಿಗೆ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟವನ್ನು ಆಡಿಸಿ, ನಿದ್ದೆ ಹತ್ತುವ ಹೊತ್ತಿನಲ್ಲಿ ಕಣ್ಣೆದುರು ಏನು ಬಂತೆಂದು ವಿಚಾರಿಸಿದರು. ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ ಹೊಂದಿಸುವ ಆಟ ಅದು. ಆಡಿದವರಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಭಾಗಕ್ಕೆ ಹಾನಿಯಾಗಿ ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದ ಕೆಲವರೂ ಇದ್ದರು. ಆಟ ಆಡಿದ್ದೇ ಅವರಿಗೆ ನೆನಪಿರಲಿಲ್ಲ. ಆದರೂ ಅವರಲ್ಲಿ ಕೆಲವರು ನಿದ್ದೆಯ ಅಂಚಿನಲ್ಲಿ ಬೀಳುವ, ತಿರುಗುವ ಆಕಾರಗಳನ್ನು ಕಂಡೆವೆಂದು ಹೇಳಿದರು. ಅವು ಎಲ್ಲಿಂದ ಬಂದವೆಂದು ಅವರಿಗೆ ತಿಳಿಯದು, ಪಕ್ಕದಲ್ಲಿ ಕುಳಿತ ಸಂಶೋಧಕರಿಗೆ ಚೆನ್ನಾಗಿ ತಿಳಿದಿತ್ತು. ಇದನ್ನು ಮೊದಲು ಓದಿದಾಗ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ತೊಟ್ಟಿ ಮನೆಗಳು ಅಪರೂಪವಲ್ಲ. ಮಾತು ಕಲಿಯುವ ಮೊದಲು ಯಾರದೋ ಸೊಂಟದ ಮೇಲೆ ಕುಳಿತು ಕಂಡ ಅಟ್ಟ, ಯಾವುದೋ ಪತ್ರಿಕೆಯ ಚಿತ್ರದ ನೀಲಿ ಬಾಗಿಲು, ಶಾಲೆಯ ಮರದ ಮೆಟ್ಟಿಲು ಇವೆಲ್ಲ ಸೇರಿ ಒಂದು ಮನೆಯಾಗಿರಬಹುದು. ಸಾಧ್ಯವಿದ್ದರೆ ಆ ಮನೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು ಕುಟುಂಬದ ಹಿರಿಯರಿಗೆ ತೋರಿಸಿ. ಗುರುತು ಸಿಗದಿದ್ದರೂ ಅದು ಪರಲೋಕದ ಮನೆ ಎಂದೇನೂ ಆಗುವುದಿಲ್ಲ.

ಇನ್ನೊಂದು ಸಾಕ್ಷ್ಯವನ್ನೂ ಗಮನಿಸಬೇಕು. ಹುಟ್ಟಿನಿಂದಲೇ ದೃಷ್ಟಿಯಿಲ್ಲದವರು ತಮ್ಮ ಕನಸುಗಳನ್ನು ಸಾಮಾನ್ಯವಾಗಿ ದನಿ, ಸ್ಪರ್ಶ, ವಾಸನೆ, ಚಲನೆಗಳಲ್ಲಿ ವಿವರಿಸುತ್ತಾರೆ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಾದರೋ ಎಷ್ಟೋ ವರ್ಷ ಕನಸಿನಲ್ಲಿ ನೋಡುತ್ತಲೇ ಇರುತ್ತಾರೆ. ಕನಸು ಬೇರೊಂದು ಲೋಕಕ್ಕೆ ತೆರೆದ ಕಿಟಕಿಯಾಗಿದ್ದರೆ, ಈ ಲೋಕದಲ್ಲಿ ಕಣ್ಣು ಕೂಡಿಸಿಟ್ಟದ್ದರ ಮೇಲೆ ಅಲ್ಲಿನ ನೋಟ ಇಷ್ಟು ಅವಲಂಬಿಸಬೇಕಿರಲಿಲ್ಲ.

ಸಮಾನಾಂತರ ವಿಶ್ವದ ಬಗ್ಗೆ ಒಂದೇ ಮಾತು ಸಾಕು. 1957ರಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಎವರೆಟ್ ಮಂಡಿಸಿದ, ಅಣುಲೋಕದ ಒಂದೊಂದು ಸಾಧ್ಯತೆಗೂ ವಿಶ್ವ ಕವಲೊಡೆಯುತ್ತದೆ ಎನ್ನುವ ಕ್ವಾಂಟಮ್ ವ್ಯಾಖ್ಯಾನದ ಹೆಸರಿನಲ್ಲಿ ಈ ಮಾತು ಹರಡುತ್ತಿದೆ, ಆದರೆ ಬೇರ್ಪಟ್ಟ ಕವಲುಗಳ ನಡುವೆ ಸುದ್ದಿ ದಾಟುವುದಕ್ಕೆ ಆ ವ್ಯಾಖ್ಯಾನದಲ್ಲೇ ಎಡೆಯಿಲ್ಲ. ಅಂಥ ಕವಲುಗಳು ಇವೆಯೆಂದು ಒಪ್ಪಿದರೂ ಅಲ್ಲಿಯ ಮನೆ ಇಲ್ಲಿಯ ನಿದ್ದೆಗೆ ಬರಲಾರದು.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ‘ಇದು ಕನಸು’ ಎಂದು ತಿಳಿದೇ ಕನಸು ಕಾಣುವುದು ನನಗೆ ಕೆಲವೊಮ್ಮೆ ಸಾಧ್ಯವಾಗುತ್ತದೆ. ಅಭ್ಯಾಸ ಮಾಡಿದರೆ ಬೇರೆ ವಾಸ್ತವಕ್ಕೆ ದಾಟಬಹುದೆಂದು ಕೆಲವರು ಹೇಳುತ್ತಾರೆ. ಮುಂದುವರಿಸಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮಗೆ ಆಗುತ್ತಿರುವುದು ಪ್ರಯೋಗಾಲಯಗಳಲ್ಲಿ ದೃಢಪಟ್ಟಿರುವ ಸಂಗತಿ. ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ದೆಯ ಹಂತವನ್ನು 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು. ಆ ಹಂತದಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಾಗಿ ಅಲುಗದಂತಿರುತ್ತವೆ, ಕಣ್ಣುಗಳು ಮಾತ್ರ ಚಲಿಸಬಲ್ಲವು. ಇದನ್ನೇ ಬಳಸಿಕೊಂಡು 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಕನಸಿನೊಳಗಿದ್ದವರಿಂದ ಮೊದಲೇ ಗೊತ್ತುಮಾಡಿದ ಕಣ್ಣಿನ ಸಂಕೇತವನ್ನು ದಾಖಲಿಸಿಕೊಂಡರು. 2021ರಲ್ಲಿ ನಾಲ್ಕು ದೇಶಗಳ ಸಂಶೋಧಕರು ನಿದ್ದೆಯಲ್ಲಿದ್ದವರಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಎಂಬಂಥ ಲೆಕ್ಕಗಳನ್ನು ಕೇಳಿ, ಕೆಲವರಿಂದ ಕಣ್ಣಿನ ಚಲನೆಯಲ್ಲೇ ಸರಿಯುತ್ತರ ಪಡೆದರು. ಕೇಳಿದ ಪ್ರಶ್ನೆ ಕೆಲವರ ಕನಸಿನೊಳಗೆ ರೇಡಿಯೊದ ದನಿಯಂತೆ ಬಂದಿತ್ತು. ಅಂದರೆ ಆ ಮನುಷ್ಯ ಎಲ್ಲಿಗೂ ದಾಟಿಹೋಗಿರಲಿಲ್ಲ. ಮಂಚದ ಪಕ್ಕದಲ್ಲಿ ಆಡಿದ ಮಾತು ಅವನ ಕಿವಿಗೆ ಬೀಳುತ್ತಿತ್ತು.

ಕುತೂಹಲಕ್ಕಾಗಿ ಮುಂದುವರಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ನಡುರಾತ್ರಿ ಅಲಾರಂ ಇಟ್ಟು ಎದ್ದು ಮತ್ತೆ ಮಲಗುವ ವಿಧಾನವನ್ನು ಪರೀಕ್ಷೆಯ ದಿನಗಳಲ್ಲಿ ಖಂಡಿತ ಮಾಡಬೇಡಿ, ಅದರಿಂದ ನಿದ್ದೆ ಕೆಡುತ್ತದೆ. ಎಚ್ಚರದಲ್ಲಿ ನಡೆದದ್ದು ಯಾವುದು, ಕನಸಿನಲ್ಲಿ ನಡೆದದ್ದು ಯಾವುದು ಎಂಬ ಗೊಂದಲ ಹಗಲಿನಲ್ಲಿ ಕಾಡತೊಡಗಿದರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣಿರಿ.

ಪ್ರಶ್ನೆ: ನಮ್ಮ ತಾಯಿ ತೀರಿಕೊಂಡು ವರ್ಷವಾಗುತ್ತ ಬಂತು. ಪಿತೃಪಕ್ಷದ ಹಿಂದಿನ ದಿನ ನನ್ನ ತಂಗಿಯ ಕನಸಿನಲ್ಲಿ ಬಂದು, ತನ್ನ ಬಳೆಗಳನ್ನು ಅತ್ತಿಗೆ ಇಟ್ಟುಕೊಂಡಿದ್ದಾಳೆ ಎಂದು ಹೇಳಿದರಂತೆ. ಅಂದಿನಿಂದ ಮನೆಯಲ್ಲಿ ಮಾತು ನಿಂತಿದೆ. ಸತ್ತವರು ಕನಸಿನ ಮೂಲಕ ಬರುತ್ತಾರೆಯೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ತೀರಿಕೊಂಡವರು ಕನಸಿನಲ್ಲಿ ಬಂದು ಊಟ ಕೇಳಿದರು, ಸೀರೆ ಕೇಳಿದರು ಎಂದು ಮರುದಿನ ಎಡೆ ಇಡುವ ಮನೆಗಳನ್ನು ನಾನು ಬಲ್ಲೆ. ಆ ಆಚರಣೆಯಲ್ಲಿರುವ ಪ್ರೀತಿಗೆ ನಾನು ಕೈಮುಗಿಯುತ್ತೇನೆ. ಅಗಲಿಕೆಯ ದುಃಖದಲ್ಲಿರುವವರಿಗೆ ಇಂಥ ಕನಸುಗಳು ಬಹಳ ಸಹಜ, ಹಲವರಿಗೆ ಅವು ದೊಡ್ಡ ಸಮಾಧಾನವನ್ನೂ ತರುತ್ತವೆ. ನಿಮ್ಮ ತಂಗಿಗೆ ಅಮ್ಮನ ಮುಖ, ದನಿ, ಕೂರುವ ಭಂಗಿ ಎಲ್ಲವೂ ಗೊತ್ತು. ಆ ಹಬ್ಬದ ಹೊತ್ತಿಗೆ ಅವರ ನೆನಪು ಮನೆಯಲ್ಲೆಲ್ಲ ತುಂಬಿರುತ್ತದೆ. ಬಳೆಗಳ ಬಗ್ಗೆ ಹಗಲಿನಲ್ಲಿ ಬಾಯಿಬಿಟ್ಟು ಆಡದ ಸಂಶಯವೊಂದು ಅವರ ಮನಸ್ಸಿನಲ್ಲಿ ಮೊದಲೇ ಇದ್ದಿದ್ದರೆ, ಕನಸಿನಲ್ಲಿ ಅದು ಅಮ್ಮನ ದನಿಯಲ್ಲೇ ಮಾತಾಡುವುದರಲ್ಲಿ ಆಶ್ಚರ್ಯವಿಲ್ಲ.

ತಂಗಿಗೆ ಅಮ್ಮ ಸಿಕ್ಕಂತಾದದ್ದು ಅವರ ಪಾಲಿಗೆ ನಿಜ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ಕನಸು ಅತ್ತಿಗೆಯ ಮೇಲೆ ಸಾಕ್ಷಿ ಹೇಳಲಾರದು. ಬಳೆಗಳು ಅಮ್ಮನ ಆಸ್ಪತ್ರೆಯ ಖರ್ಚಿಗೆ ಅಡವಿಗೆ ಹೋಗಿರಬಹುದು, ಬ್ಯಾಂಕಿನ ಲಾಕರಿನಲ್ಲಿರಬಹುದು, ಅಮ್ಮನೇ ಯಾರಿಗಾದರೂ ಕೊಟ್ಟಿರಬಹುದು. ನೀವು ಹಿರಿಯರಾಗಿ ಮೊದಲು ಅಣ್ಣ ಅತ್ತಿಗೆಯರ ಬಳಿ ಕನಸಿನ ಮಾತೆತ್ತದೆ, ಅಮ್ಮನ ಒಡವೆಗಳ ಪಟ್ಟಿ ಮಾಡೋಣ ಎಂದು ಕೇಳಿ. ವರ್ಷಾಬ್ದಿಕಕ್ಕೆ ಎಲ್ಲರೂ ಸೇರುವ ಮುಂಚೆಯೇ ಅದು ಆಗಲಿ, ಅಂದಿನ ಅಡುಗೆಯನ್ನು ತಂಗಿಯೂ ಅತ್ತಿಗೆಯೂ ಕೂಡಿ ಮಾಡಲು ಆಗುತ್ತದೆ.